ನಿಕೋಸಿಯಾದ ಗ್ರೀನ್ ಲೈನ್ ನಡಿಗೆ: ಹೋಗಿ ಬನ್ನಿ, ಜನರಲ್ ತಿಮ್ಮಯ್ಯನವರ ಬಗ್ಗೆಯೂ ಕೇಳಿ

ಮಗಳು ಸೈಪ್ರಸ್‌ನ ಲಿಮಸೋಲ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳನ್ನು ನೋಡಲು ಹೋದಾಗ ಎಲ್ಲರೂ ಬೀಚ್ ನೋಡಿ ಅಂದರು. ನನಗೆ ಎರಡು ಪಾಲಾಗಿರುವ ರಾಜಧಾನಿ ನಿಕೋಸಿಯಾ ನೋಡಬೇಕಿತ್ತು. ಮಡಿಕೇರಿಯಲ್ಲಿ 28 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ನಮ್ಮ ಜನರಲ್ ತಿಮ್ಮಯ್ಯನವರು ಕೊನೆಯುಸಿರೆಳೆದ ದ್ವೀಪ ಅದು. ಮಗಳು ಒಂದು ನಡಿಗೆ ಬುಕ್ ಮಾಡಿದಳು. ಮೂರು ಗಂಟೆ, ತಲೆಗೆ 20 ಯೂರೋ. ದಕ್ಷಿಣದಲ್ಲಿ ಗ್ರೀಕ್ ಸೈಪ್ರಿಯಟ್ ಗೈಡ್, ಉತ್ತರದಲ್ಲಿ ಟರ್ಕಿಶ್ ಸೈಪ್ರಿಯಟ್ ಗೈಡ್. ಇಬ್ಬರೂ ಹೆಂಗಸರು, ಇಬ್ಬರೂ ಸ್ನೇಹಿತೆಯರು.

ಪಾಫೋಸ್ ಗೇಟ್ ಹತ್ತಿರ ಮೊದಲ ಗೈಡ್ ಒಂದು ನಕ್ಷೆ ಬಿಚ್ಚಿ, ಹಸಿರು ಪೆನ್ಸಿಲ್‌ನಿಂದ ಊರಿನ ಮಧ್ಯೆ ಗೆರೆ ಎಳೆದಳು. 1963ರ ಡಿಸೆಂಬರ್‌ನಲ್ಲಿ ಎರಡು ಸಮುದಾಯಗಳ ನಡುವೆ ಗಲಭೆಯಾದಾಗ ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ಹೀಗೇ ಗೆರೆ ಎಳೆದರಂತೆ. ಗ್ರೀನ್ ಲೈನ್ ಅನ್ನುವ ಹೆಸರು ಅಲ್ಲಿಂದಲೇ ಬಂತು. 1974ರಲ್ಲಿ ಗ್ರೀಸ್‌ನ ಸೈನಿಕ ಸರ್ಕಾರದ ಬೆಂಬಲದಿಂದ ಸೈಪ್ರಸ್ ಅಧ್ಯಕ್ಷ ಮಕಾರಿಯೋಸ್ ವಿರುದ್ಧ ಕ್ಷಿಪ್ರಕ್ರಾಂತಿಯಾಯಿತು. ಐದೇ ದಿನಕ್ಕೆ ಟರ್ಕಿಯ ಸೈನ್ಯ ಬಂದಿಳಿಯಿತು. ಆಮೇಲೆ ದ್ವೀಪದ ಉದ್ದಕ್ಕೂ 180 ಕಿಲೋಮೀಟರ್ ಬಫರ್ ಝೋನ್, ಅಂದರೆ ಎರಡೂ ಕಡೆಯ ನಡುವೆ ವಿಶ್ವಸಂಸ್ಥೆ ಕಾಯುವ ಪಟ್ಟಿ, ಆಯಿತು. ನನ್ನ ತರಗತಿಯಲ್ಲಿ ಇಂಥ ಒಂದು ಪೆನ್ಸಿಲ್ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು.

ನನಗೆ ತುಂಬಾ ಹಿಡಿಸಿದ್ದು ಲೆಡ್ರಾ ಪ್ಯಾಲೇಸ್. ಹಿಂದೆ ದೊಡ್ಡ ಹೋಟೆಲು, ಬಫರ್ ಝೋನ್ ಒಳಗಿದೆ. ಗೋಡೆಯಲ್ಲಿ ಗುಂಡಿನ ಗುರುತುಗಳು ಇನ್ನೂ ಇವೆ. 1968ರಲ್ಲಿ ಶುರುವಾದ ಮಾತುಕತೆಯಲ್ಲಿ ಗ್ರೀಕರ ಕಡೆಯಿಂದ ಕ್ಲೆರಿಡಿಸ್, ತುರ್ಕರ ಕಡೆಯಿಂದ ಡೆಂಕ್ಟಾಶ್ ಇಲ್ಲೂ ಎದುರುಬದುರು ಕೂತಿದ್ದರು. ಇಬ್ಬರೂ ಲಂಡನ್ನಿನಲ್ಲಿ ಓದಿದ ವಕೀಲರು. 1977ರಲ್ಲಿ ಮಕಾರಿಯೋಸ್ ಮತ್ತು ಡೆಂಕ್ಟಾಶ್ ಒಂದೇ ದೇಶ, ಎರಡು ಸಮುದಾಯಗಳ ಒಕ್ಕೂಟ ಅನ್ನುವ ಸೂತ್ರಕ್ಕೆ ಒಪ್ಪಿದರು. ಅಲ್ಲಿಂದ ಈಚೆಗೆ ಎಷ್ಟು ನಾಯಕರು ಬದಲಾದರು! ಕಾಗದ ಮಾತ್ರ ಹಾಗೇ ಉಳಿಯಿತು.

ಎದುರಿಗೆ ಎರಡೂ ಸಮುದಾಯದವರು ಸೇರುವ ಹೋಮ್ ಫಾರ್ ಕೋಆಪರೇಷನ್ ಕೇಂದ್ರದ ಕೆಫೆಯಲ್ಲಿ ಎರಡನೇ ಗೈಡ್ ನಮ್ಮನ್ನು ಕಾಯುತ್ತಿದ್ದಳು. ದಕ್ಷಿಣದವರು ಸೈಪ್ರಸ್ ಕಾಫಿ ಅಂತಾರೆ, ಉತ್ತರದವರು ಟರ್ಕಿಶ್ ಕಾಫಿ ಅಂತಾರೆ. ಸಕ್ಕರೆ ಹದವಾಗಿ ಬೇಕೆಂದರೆ ಅಲ್ಲಿ ‘ಮೆಟ್ರಿಯೊ’, ಇಲ್ಲಿ ‘ಓರ್ತಾ’. ಪುಟ್ಟ ಕಪ್ಪಿನಲ್ಲಿ ಬಂದದ್ದು ಒಂದೇ ಕಾಫಿ. ಗಸಿ ಕೆಳಗೆ ಇಳಿಯೋವರೆಗೂ ಕಾಯಬೇಕು. ನಮ್ಮ ಕೊಡಗಿನ ಫಿಲ್ಟರ್ ಕಾಫಿ ಕುಡಿದ ನಾಲಿಗೆಗೂ ರುಚಿಸಿತು.

ಅಲ್ಲೇ ನಾನು 2004ರ ವಿಷಯ ಕೇಳಿದೆ. ದ್ವೀಪವನ್ನು ಮತ್ತೆ ಒಂದು ಮಾಡಲು ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ ಯೋಜನೆಯ ಮೇಲೆ ಏಪ್ರಿಲ್ 24ರಂದು ಎರಡೂ ಕಡೆ ಜನಮತಗಣನೆ ನಡೆಯಿತು. ಟರ್ಕಿಶ್ ಸೈಪ್ರಿಯಟ್‌ರಲ್ಲಿ ಶೇ 65ರಷ್ಟು ಜನ ಹೌದು ಅಂದರು. ಗ್ರೀಕ್ ಸೈಪ್ರಿಯಟ್‌ರಲ್ಲಿ ಶೇ 76ರಷ್ಟು ಜನ ಬೇಡ ಅಂದರು. ಉತ್ತರದ ಗೈಡ್‌ಗೆ ಆಗ 19 ವರ್ಷ. ಅದೇ ಅವಳ ಮೊದಲ ಓಟು, ಹೌದು ಅಂತ ಹಾಕಿದ್ದಳು. ದಕ್ಷಿಣದ ಗೈಡ್‌ನ ತಾಯಿ ಬೇಡ ಅಂತ ಹಾಕಿದ್ದರು. ಅವರ ಮನೆ ಉತ್ತರದ ಕೈರೇನಿಯಾದಲ್ಲಿ ಉಳಿದುಹೋಗಿತ್ತು. ಟರ್ಕಿಯ ಸೈನ್ಯ ಪೂರ್ತಿ ಹೋಗುವುದಿಲ್ಲ, ಮನೆ ಸಿಗುವ ಭರವಸೆಯೂ ಇಲ್ಲ ಅನ್ನುವ ಭಯ ಅವರದು. ಇಬ್ಬರೂ ಇದನ್ನು ಒಂದೇ ಮೇಜಿನಲ್ಲಿ ಕೂತು ಹೇಳಿದರು. ನಾನು ಕೊಟ್ಟ 20 ಯೂರೋಗೆ ಅಷ್ಟೇ ಸಾಕಿತ್ತು.

ಇನ್ನೊಂದು ಕತೆ ಚರಂಡಿಯದ್ದು. 1978ರಲ್ಲಿ ದಕ್ಷಿಣದ ಮೇಯರ್ ಲೆಲ್ಲೋಸ್ ಡಿಮೆಟ್ರಿಯಾಡಿಸ್, ಉತ್ತರದ ಮೇಯರ್ ಮುಸ್ತಫಾ ಅಕಿಂಜಿ ಸೇರಿ ಊರಿಗೆಲ್ಲ ಒಂದೇ ಒಳಚರಂಡಿ ಅಂತ ತೀರ್ಮಾನಿಸಿದರು. ದಕ್ಷಿಣದ ಕೊಳಚೆ ನೀರು ಗೆರೆ ದಾಟಿ ಉತ್ತರದಲ್ಲಿರುವ ಘಟಕದಲ್ಲಿ ಶುದ್ಧವಾಗುತ್ತದೆ. ಇದೇ ಅಕಿಂಜಿ 2017ರಲ್ಲಿ ಟರ್ಕಿಶ್ ಸೈಪ್ರಿಯಟ್‌ರ ನಾಯಕರಾಗಿ ಸ್ವಿಟ್ಜರ್‌ಲೆಂಡ್‌ನ ಕ್ರಾನ್ಸ್ ಮೊಂಟಾನಾದಲ್ಲಿ, ದ್ವೀಪ ಒಂದು ಮಾಡುವ ಮಾತುಕತೆಗೆ, ಸೈಪ್ರಸ್‌ನ ಆಗಿನ ಅಧ್ಯಕ್ಷ ಅನಸ್ತಾಸಿಯಾಡಿಸ್ ಎದುರು ಕೂತಿದ್ದರು. ಆ ಮಾತುಕತೆ ಮುರಿಯಿತು. ಚರಂಡಿಯ ಒಪ್ಪಂದ ಮಾತ್ರ ನಿಂತಿದೆ. ಇದನ್ನು ಕೇಳಿ ನನಗೆ ಯಾಕೋ ಕಣ್ಣು ತುಂಬಿತು.

ಕೊರತೆಗಳೂ ಇವೆ. ಕ್ರಾನ್ಸ್ ಮೊಂಟಾನಾಗೆ ಐದೇ ನಿಮಿಷ ಕೊಟ್ಟರು. ಸೈಪ್ರಸ್‌ನ ಸ್ವಾತಂತ್ರ್ಯಕ್ಕೆ ಜಾಮೀನು ನಿಂತು 1960ರಿಂದ ಗ್ರೀಸ್, ಟರ್ಕಿ, ಬ್ರಿಟನ್ ಮೂರಕ್ಕೂ ಇರುವ ಖಾತರಿಯ ಹಕ್ಕು ಯಾಕೆ ಇಷ್ಟು ದೊಡ್ಡ ಗಂಟು ಅಂತ ಬಿಡಿಸಿ ಹೇಳಲೇ ಇಲ್ಲ. ಕೊನೆಯಲ್ಲಿ ಬುಯುಕ್ ಹಾನ್ ಅನ್ನುವ ಹಳೇ ಛತ್ರದಲ್ಲಿ ಶಾಪಿಂಗ್‌ಗೆ ಅಂತ 40 ನಿಮಿಷ ಸುಮ್ನೆ ಹೋಯಿತು. ಅದರಲ್ಲಿ ಅರ್ಧ ಮಾತಿಗೆ ಕೊಡಬಹುದಿತ್ತು ಅಲ್ವಾ?

ನನಗೆ ಜಾಸ್ತಿ ನೋವಾಗಿದ್ದು ತಿಮ್ಮಯ್ಯನವರ ಹೆಸರೇ ಬರದಿದ್ದಕ್ಕೆ. 1964ರಿಂದ ವಿಶ್ವಸಂಸ್ಥೆಯ ಶಾಂತಿಪಡೆಗೆ ಅವರೇ ಕಮಾಂಡರ್. 1965ರ ಡಿಸೆಂಬರ್ 18ರಂದು ಕೆಲಸದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಲಾರ್ನಾಕಾದಲ್ಲಿ ಅವರ ಹೆಸರಿನ ರಸ್ತೆಯೇ ಇದೆ. ಅದನ್ನೆಲ್ಲ ನಾನೇ ಹೇಳಿದೆ. ಮೊಬೈಲಿನಲ್ಲಿದ್ದ ಮಡಿಕೇರಿಯ ಸನ್ನಿ ಸೈಡ್ ಮನೆಯ ಫೋಟೋ ತೋರಿಸಿದೆ. ಅವರು ಬೆಳೆದ ಆ ಮನೆ ಈಗ ಮ್ಯೂಸಿಯಂ. ಉತ್ತರದ ಗೈಡ್ ಫೋಟೋ ಕಳಿಸಿ ಅಂದಳು, ಅಲ್ಲೇ ಕಳಿಸಿದೆ. ಮುಂದಿನ ತಂಡಕ್ಕೆ ತೋರಿಸುತ್ತೇನೆ ಅಂದಿದ್ದಾಳೆ.

ಹೋಗುವವರು ಪಾಸ್‌ಪೋರ್ಟ್ ಮರೆಯಬೇಡಿ, ಎರಡೂ ಕಡೆ ತೋರಿಸಬೇಕು. ಬಫರ್ ಝೋನ್‌ನಲ್ಲಿ ಫೋಟೋ ತೆಗೆಯೋ ಹಾಗಿಲ್ಲ. ಬೇಸಿಗೆಯಲ್ಲಾದರೆ ಬೆಳಗಿನ ನಡಿಗೆಯನ್ನೇ ಬುಕ್ ಮಾಡಿ. ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟಿದ್ದೇನೆ. ತಿಮ್ಮಯ್ಯನವರ ಹೆಸರು ಸೇರಿದ ದಿನ ಐದು ಮಾಡುತ್ತೇನೆ.