ರೀಲೋಡಿಂಗ್ ಕಲಿಯುವವರ ಮೊದಲ ಯಂತ್ರ: ಲೀ ಕ್ಲಾಸಿಕ್ ಟರೆಟ್ ಪ್ರೆಸ್

ಅಮೆರಿಕದಲ್ಲಿ ನೆಲೆಸಿ ಪಿಸ್ತೂಲು ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿರುವ ಕನ್ನಡಿಗರು ಕೆಲವೇ ತಿಂಗಳಲ್ಲಿ ಕೇಳುವ ಪ್ರಶ್ನೆಯೊಂದಿದೆ: ತೋಟೆಗಳನ್ನು ಅಂಗಡಿಯಿಂದಲೇ ಕೊಳ್ಳುತ್ತಿರಬೇಕೇ, ಅಥವಾ ರೀಲೋಡಿಂಗ್ ಕಲಿತು ಮನೆಯಲ್ಲೇ ತಯಾರಿಸಿಕೊಳ್ಳಬೇಕೇ? ಹಾರಿಸಿ ಬಿದ್ದ ಹಿತ್ತಾಳೆ ಕೇಸನ್ನು ಆರಿಸಿ ತಂದು ಶುಚಿಗೊಳಿಸಿ, ಹಳೆಯ ಪ್ರೈಮರ್ (ಕೇಸಿನ ತಳದಲ್ಲಿ ಕೂತು ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಬಟ್ಟಲು) ತೆಗೆದು ಹೊಸದನ್ನು ಕೂರಿಸಿ, ಅಳತೆಯಾಗಿ ಮದ್ದು ಹಾಕಿ, ಬಾಯಿಗೆ ಹೊಸ ಗುಂಡನ್ನು ಒತ್ತಿದರೆ ಅದು ಮತ್ತೆ ತೋಟೆಯಾಗುತ್ತದೆ. ಕೆಲಸ ಇಷ್ಟೇ ಆದರೂ ಪ್ರತಿ ಹಂತದಲ್ಲಿಯೂ ಅಜಾಗರೂಕತೆಗೆ ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ಮೊದಲ ಯಂತ್ರವನ್ನು ಆರಿಸುವಾಗ ಗಂಟೆಗೆ ಎಷ್ಟು ತೋಟೆ ಹೊರಬರುತ್ತವೆ ಎಂಬುದಕ್ಕಿಂತ ಅದು ನಮಗೆ ಏನನ್ನು ಕಾಣಲು ಬಿಡುತ್ತದೆ ಎಂಬುದನ್ನು ನೋಡಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಆ ದೃಷ್ಟಿಯಿಂದ ವಿಸ್ಕಾನ್ಸಿನ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದ ಲೀ ಪ್ರಿಸಿಷನ್ ಕಂಪನಿಯ ನಾಲ್ಕು ರಂಧ್ರಗಳ ಕ್ಲಾಸಿಕ್ ಟರೆಟ್ ಪ್ರೆಸ್ ಅನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಯಂತ್ರದ ಮಾತಿಗೆ ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತಯಾರಿಸಲು ಫೆಡರಲ್ ಪರವಾನಗಿ ಬೇಕಿಲ್ಲ. ಮಾರುವ ಉದ್ದೇಶವಿದ್ದರೆ ಬೇಕು. ಆದರೆ ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿರುವವರು, ಅಧಿಕೃತ ಬೇಟೆ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಾರದವರು ಇದನ್ನು ವಕೀಲರ ಬಳಿ ಖಚಿತಪಡಿಸಿಕೊಳ್ಳದೆ ಒಂದು ಹೆಜ್ಜೆಯನ್ನೂ ಮುಂದಿಡಬಾರದು. ಇದನ್ನು ಊರಿನಲ್ಲಿ ಕುಳಿತು ಓದುತ್ತಿರುವವರಿಗೂ ಒಂದು ಮಾತು: ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಈ ಬರಹವನ್ನು ಅಮೆರಿಕದ ಸಂದರ್ಭಕ್ಕೆ ಮಾತ್ರ ಅನ್ವಯಿಸಿಕೊಳ್ಳಬೇಕು.

ಹಣ ಉಳಿಯುತ್ತದೆ ಎಂಬ ಆಸೆಯಿಂದ 9 ಎಂಎಂ ತೋಟೆಗಳ ರೀಲೋಡಿಂಗ್‌ಗೆ ಇಳಿಯುವವರಿಗೆ ನಿರಾಸೆಯಾಗುವ ಸಂಭವವೇ ಹೆಚ್ಚು. 2020ರಲ್ಲಿ ಶುರುವಾದ ಅಭಾವದ ದಿನಗಳಲ್ಲಿ ಪ್ರೈಮರ್‌ಗಳ ಬೆಲೆ ಹಲವು ಪಟ್ಟು ಏರಿತು. ಬಳಿಕ ಇಳಿದರೂ ಹಳೆಯ ಮಟ್ಟಕ್ಕೆ ಮರಳಲಿಲ್ಲ. ಮದ್ದು ಮತ್ತು ಪ್ರೈಮರ್ ಅಪಾಯಕಾರಿ ಸರಕುಗಳಾದ್ದರಿಂದ ಕೊರಿಯರ್ ಮೂಲಕ ತರಿಸಿದರೆ ಸಾಗಣೆಗೆ ಪ್ರತ್ಯೇಕ ಶುಲ್ಕ ಬೀಳುತ್ತದೆ. .45 ಎಸಿಪಿಯಂತಹ ದುಬಾರಿ ತೋಟೆಗಳಲ್ಲಿ ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ. 9 ಎಂಎಂನಲ್ಲಿ ಅದು ಅತ್ಯಲ್ಪ.

ಸ್ಪರ್ಧಿಗೆ ಸಿಗುವ ನಿಜವಾದ ಲಾಭ ಬೇರೆ. ಯುಎಸ್‌ಪಿಎಸ್‌ಎ (ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಘ) ಸ್ಪರ್ಧೆಗಳಲ್ಲಿ ಪವರ್ ಫ್ಯಾಕ್ಟರ್ ಎಂಬ ಲೆಕ್ಕವಿದೆ: ಗ್ರೇನ್ ಎಂಬ ಸಣ್ಣ ತೂಕದ ಮಾನದಲ್ಲಿ ಗುಂಡಿನ ತೂಕವನ್ನು ಸೆಕೆಂಡಿಗೆ ಇಷ್ಟು ಅಡಿ ಎಂಬ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು. ಮೈನರ್ ವರ್ಗಕ್ಕೆ ಇದು 125ಕ್ಕೆ, ಮೇಜರ್ ವರ್ಗಕ್ಕೆ 165ಕ್ಕೆ ಕಡಿಮೆಯಿರಬಾರದು. 124 ಗ್ರೇನ್ ಗುಂಡಿನ ಸಾಮಾನ್ಯ ಅಂಗಡಿ ತೋಟೆ ಸೆಕೆಂಡಿಗೆ 1150 ಅಡಿ ವೇಗದಲ್ಲಿ ಹೊರಟರೆ ಫ್ಯಾಕ್ಟರ್ 142 ದಾಟುತ್ತದೆ. ಎಂದರೆ ನಿಯಮ ಕೇಳುವುದಕ್ಕಿಂತ ಬಹಳ ಹೆಚ್ಚಿನ ಒದೆತವನ್ನು ನಾವು ಸುಮ್ಮನೆ ಸಹಿಸುತ್ತಿರುತ್ತೇವೆ. ಅದೇ 147 ಗ್ರೇನ್ ಗುಂಡನ್ನು 890 ಅಡಿ ವೇಗಕ್ಕೆ ಹೊಂದಿಸಿದರೆ ಫ್ಯಾಕ್ಟರ್ 130ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ನಳಿಗೆಯ ನೆಗೆತ ತಗ್ಗುತ್ತದೆ, ಎರಡನೆಯ ಗುರಿಗೆ ಕೈ ಬೇಗ ಮರಳುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಅಧಿಕಾರಿಗಳು ಸ್ಪರ್ಧಿಯಿಂದ ಕೆಲವು ತೋಟೆಗಳನ್ನು ಪಡೆದು, ಒಂದರ ಗುಂಡನ್ನು ಕಿತ್ತು ತೂಗಿ, ಉಳಿದವುಗಳ ವೇಗವನ್ನು ಕ್ರೋನೊಗ್ರಾಫ್‌ನಲ್ಲಿ ಅಳೆಯುತ್ತಾರೆ. ಮೈನರ್ ಮಿತಿಯನ್ನೂ ಮುಟ್ಟದ ತೋಟೆ ತಂದವರ ಅಂಕಗಳು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮಿತಿಗಿಂತ ಸ್ವಲ್ಪವೇ ಮೇಲೆ, ಆದರೆ ಚಳಿಯಲ್ಲೂ ಸೆಕೆಯಲ್ಲೂ ಕೆಳಗಿಳಿಯದಂತೆ, ಪ್ರತಿಯೊಂದೂ ಇನ್ನೊಂದರಂತಿರುವ ತೋಟೆ ಬೇಕು. ರೀಲೋಡಿಂಗ್ ಕಲಿಯುವುದು ಆ ಏಕರೂಪತೆಗಾಗಿ.

ಈಗ ಯಂತ್ರಕ್ಕೆ ಬರೋಣ. ಗಟ್ಟಿ ಮೇಜಿಗೆ ಬೋಲ್ಟ್ ಹಾಕಿ ಬಿಗಿದ ಎರಕದ ಕಬ್ಬಿಣದ ಬುಡ, ಅದರ ಮೇಲೆ ಕಂಬಗಳು, ತುದಿಯಲ್ಲಿ ನಾಲ್ಕು ಡೈಗಳನ್ನು (ಕೇಸಿಗೆ ಆಕಾರ ಕೊಡುವ, ಗುಂಡು ಕೂರಿಸುವ ಅಚ್ಚುಗಳನ್ನು) ಹೊತ್ತು ತಿರುಗುವ ತಟ್ಟೆ, ಎಂದರೆ ಟರೆಟ್. ಕೇಸ್ ಮಾತ್ರ ಒಂದೇ ಜಾಗದಲ್ಲಿ, ಹಿಡಿಕೆ ಎಳೆದಾಗ ಮೇಲೇರುವ ದಂಡವಾದ ರ‍್ಯಾಮ್‌ನ ತುದಿಯಲ್ಲಿ ನಿಂತಿರುತ್ತದೆ. ಹಿಡಿಕೆಯನ್ನು ಒಮ್ಮೆ ಎಳೆದು ಬಿಟ್ಟರೆ ತಟ್ಟೆ ತಾನಾಗಿ ಕಾಲು ಸುತ್ತು ತಿರುಗಿ ಮುಂದಿನ ಡೈಯನ್ನು ಕೇಸಿನ ನೆತ್ತಿಗೆ ತಂದು ನಿಲ್ಲಿಸುತ್ತದೆ. ನಾಲ್ಕು ಎಳೆತಕ್ಕೆ ಒಂದು ತೋಟೆ.

ಮೊದಲ ಎಳೆತದಲ್ಲಿ ಕಾರ್ಬೈಡ್ ಡೈ ಉಬ್ಬಿದ ಕೇಸನ್ನು ಮೂಲ ಅಳತೆಗೆ ಒತ್ತುತ್ತದೆ. ಕಾರ್ಬೈಡ್ ಆದ್ದರಿಂದ ಪಿಸ್ತೂಲಿನ ನೇರ ಕೇಸುಗಳಿಗೆ ಎಣ್ಣೆ ಸವರಬೇಕಾಗಿಲ್ಲ. ಅದೇ ಎಳೆತದಲ್ಲಿ ಉರಿದ ಪ್ರೈಮರ್ ಕಳಚಿ ಟೊಳ್ಳು ರ‍್ಯಾಮ್‌ನ ಮೂಲಕ ಕೆಳಗಿನ ಪಾರದರ್ಶಕ ಕೊಳವೆಗೆ ಬೀಳುತ್ತದೆ. ಸಣ್ಣ ವಿಷಯವೆನಿಸಬಹುದು, ಆದರೆ ಉರಿದ ಪ್ರೈಮರ್‌ನ ಮಸಿಯಲ್ಲಿ ಸೀಸ ಇರುವುದರಿಂದ ಅದು ಮೇಜಿನ ಮೇಲೆ ಚೆಲ್ಲದೆ ಒಂದೆಡೆ ಸೇರುವುದು ಆರೋಗ್ಯದ ದೃಷ್ಟಿಯಿಂದ ನಾನು ಬಹಳ ಮೆಚ್ಚುವ ಏರ್ಪಾಡು. ಹಿಡಿಕೆಯನ್ನು ಹಿಂದಕ್ಕೆ ಒಯ್ಯುವಾಗ ಹೊಸ ಪ್ರೈಮರ್ ಕೂರುತ್ತದೆ. ಅದು ತಳ ಮುಟ್ಟಿ ನಿಂತದ್ದು ಅಂಗೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಎರಡನೆಯ ಡೈ ಕೇಸಿನ ಬಾಯನ್ನು ತುಸು ಅರಳಿಸಿ ತನ್ನೊಳಗಿನಿಂದಲೇ ಅಳತೆಯ ಮದ್ದನ್ನು ಇಳಿಸುತ್ತದೆ. ಮೂರನೆಯದು ನಾವು ಕೈಯಿಂದ ಇಟ್ಟ ಗುಂಡನ್ನು ಬೇಕಾದ ಆಳಕ್ಕೆ ಒತ್ತುತ್ತದೆ. ನಾಲ್ಕನೆಯದು ಅರಳಿದ ಬಾಯನ್ನು ಮತ್ತೆ ಬಿಗಿದು ಇಡೀ ತೋಟೆಯ ಸುತ್ತಳತೆಯನ್ನು ಇನ್ನೊಮ್ಮೆ ಸರಿಪಡಿಸುತ್ತದೆ. 9 ಎಂಎಂ ತೋಟೆ ನಳಿಗೆಯೊಳಗೆ ನಿಲ್ಲುವುದು ಕೇಸಿನ ಬಾಯಿಯ ಅಂಚಿನ ಆಧಾರದ ಮೇಲೆ. ಆ ಬಾಯನ್ನು ಅತಿಯಾಗಿ ಬಿಗಿದರೆ ಆಧಾರವೇ ತಪ್ಪುತ್ತದೆ.

ಈ ಯಂತ್ರದ ಬೆಲೆಯಿರುವುದು ಎರಡನೆಯ ಮತ್ತು ಮೂರನೆಯ ಎಳೆತಗಳ ನಡುವಿನ ಕ್ಷಣದಲ್ಲಿ. ಮದ್ದು ಬಿದ್ದಿದೆ, ಗುಂಡು ಇನ್ನೂ ಕೂತಿಲ್ಲ, ತೆರೆದ ಕೇಸ್ ಕಣ್ಣೆದುರಿಗೇ ನಿಂತಿದೆ. ಗುಂಡನ್ನು ಬೆರಳಿನಿಂದ ಇಡಲೇಬೇಕಾದ್ದರಿಂದ ಕಣ್ಣು ಅಲ್ಲಿಗೆ ಹೋಗಿಯೇ ಹೋಗುತ್ತದೆ. ರೀಲೋಡಿಂಗ್‌ನ ಎರಡು ದೊಡ್ಡ ಅಪಾಯಗಳು ಪತ್ತೆಯಾಗಬೇಕಾದದ್ದು ಇಲ್ಲಿಯೇ. ಮದ್ದೇ ಬೀಳದಿದ್ದರೆ ಪ್ರೈಮರ್‌ನ ಬಲವೊಂದೇ ಗುಂಡನ್ನು ನಳಿಗೆಯೊಳಗೆ ನೂಕಿ ಸಿಕ್ಕಿಸುತ್ತದೆ. ಸ್ಪರ್ಧೆಯ ಆತುರದಲ್ಲಿ ಅದನ್ನು ಗಮನಿಸದೆ ಮತ್ತೊಂದು ಗುಂಡು ಹಾರಿಸಿದರೆ ನಳಿಗೆ ಸೀಳಬಹುದು. ಎರಡು ಪಾಲು ಮದ್ದು ಬಿದ್ದರೆ ಒತ್ತಡ ಮಿತಿಮೀರಿ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು. ಟೈಟ್‌ಗ್ರೂಪ್‌ನಂತಹ ಸಾಂದ್ರ ಮದ್ದುಗಳು ಕೇಸಿನಲ್ಲಿ ಬಹಳ ಕಡಿಮೆ ಜಾಗ ಹಿಡಿಯುವುದರಿಂದ ಎರಡು ಪಾಲು ಬಿದ್ದರೂ ಚೆಲ್ಲುವುದಿಲ್ಲ. ಕಲಿಯುವವರು ಒಂದು ಪಾಲಿಗೇ ಕೇಸಿನ ಅರ್ಧಕ್ಕಿಂತ ಹೆಚ್ಚು ತುಂಬುವ ಮದ್ದನ್ನು ಆರಿಸಿದರೆ ಎರಡನೆಯ ಪಾಲು ಹೊರಚೆಲ್ಲಿ ತಾನೇ ಎಚ್ಚರಿಸುತ್ತದೆ. ಕಂಬಕ್ಕೆ ಸಣ್ಣ ಎಲ್‌ಇಡಿ ದೀಪವೊಂದನ್ನು ಅಂಟಿಸಿಕೊಂಡರೆ ಕೇಸಿನ ತಳದವರೆಗೂ ಬೆಳಕು ಬೀಳುತ್ತದೆ. ಈ ದೀಪವಿಲ್ಲದೆ ಯಂತ್ರವನ್ನು ಬಳಸಬೇಡಿ ಎಂದೇ ನಾನು ಹೇಳುತ್ತೇನೆ.

ಹೆಸರಾಂತ ಡಿಲನ್ 750ರಂತಹ ಪ್ರೋಗ್ರೆಸ್ಸಿವ್ ಯಂತ್ರಗಳಲ್ಲಿ ತಟ್ಟೆಯ ಮೇಲೆ ಹಲವು ಕೇಸುಗಳು ಏಕಕಾಲದಲ್ಲಿ ಬೇರೆ ಬೇರೆ ಹಂತಗಳಲ್ಲಿ ಇರುತ್ತವೆ, ಪ್ರತಿ ಎಳೆತಕ್ಕೂ ಒಂದು ತೋಟೆ ಸಿದ್ಧವಾಗುತ್ತದೆ. ಅವು ಉತ್ತಮ ಯಂತ್ರಗಳು. ವಾರಕ್ಕೆ ನೂರಾರು ಗುಂಡು ಹಾರಿಸುವವರಿಗೆ ಅವೇ ಸರಿ. ಆದರೆ ಪ್ರೈಮರ್ ಕೂತಿತೇ, ಮದ್ದು ಬಿತ್ತೇ, ಗುಂಡು ನೆಟ್ಟಗಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಒಂದೇ ಎಳೆತದಲ್ಲಿ ಮೂರು ಬೇರೆ ಕೇಸುಗಳ ಬಗ್ಗೆ ಕೇಳಿಕೊಳ್ಳುವ ಅಭ್ಯಾಸ ಹೊಸಬರಿಗೆ ಇರುವುದಿಲ್ಲ. ಅಡಚಣೆಯಾಗಿ ಯಂತ್ರ ನಿಂತಾಗ ಯಾವ ಕೇಸಿಗೆ ಮದ್ದು ಬಿದ್ದಿದೆ, ಯಾವುದಕ್ಕಿಲ್ಲ ಎಂಬ ಗೊಂದಲ ಹುಟ್ಟುವುದೂ ಅಲ್ಲಿಯೇ. ಟರೆಟ್ ಪ್ರೆಸ್‌ನಲ್ಲಿ ಒಂದು ಕೇಸ್ ಪೂರ್ತಿಯಾಗುವವರೆಗೆ ಇನ್ನೊಂದು ಬರುವುದೇ ಇಲ್ಲ. ತಟ್ಟೆ ತಿರುಗಿಸುವ ಸರಳನ್ನು ಹೊರತೆಗೆದರೆ ಅದು ಒಂದೊಂದೇ ಹಂತ ಮಾಡುವ ಸಾಧಾರಣ ಪ್ರೆಸ್ ಆಗುತ್ತದೆ. ಮೊದಲ ದಿನಗಳಲ್ಲಿ ಹಾಗೆಯೇ ಬಳಸಿ, ಪ್ರತಿ ಹಂತದ ಸ್ಪರ್ಶ ಕೈಗೆ ಹಿಡಿದ ಮೇಲೆ ಸರಳನ್ನು ಮರಳಿ ಕೂರಿಸುವುದು ಕಲಿಕೆಗೆ ಅತ್ಯುತ್ತಮ ಕ್ರಮ.

ಮಿತಿಗಳನ್ನೂ ಹೇಳಲೇಬೇಕು. ತಟ್ಟೆಯನ್ನು ತಿರುಗಿಸುವ ಸಣ್ಣ ಚೌಕಾಕಾರದ ಪ್ಲಾಸ್ಟಿಕ್ ಭಾಗ ಸವೆಯುವ ವಸ್ತು. ಅರ್ಧ ಎಳೆತದಲ್ಲಿ ಹಿಡಿಕೆಯನ್ನು ಹಿಂದೆಗೆದರೆ ಅಥವಾ ತಟ್ಟೆಯನ್ನು ಕೈಯಿಂದ ಬಲವಂತವಾಗಿ ತಿರುಗಿಸಿದರೆ ಬೇಗ ಕೆಡುತ್ತದೆ. ಬೆಲೆ ಅತ್ಯಲ್ಪವಾದ್ದರಿಂದ ಎರಡು ಮೂರನ್ನು ಮೊದಲೇ ತರಿಸಿಟ್ಟುಕೊಳ್ಳುವುದು ಜಾಣತನ. ಪ್ರೈಮರ್ ಒದಗಿಸುವ ತಟ್ಟೆಯಿಂದ ಪ್ರತಿ ಸಲವೂ ಬೆರಳಿನಿಂದ ಒತ್ತಿ ಒಂದನ್ನು ಇಳಿಸಿಕೊಳ್ಳಬೇಕು. ತಟ್ಟೆ ಬರಿದಾಗುತ್ತ ಬಂದಂತೆ ಕೊನೆಯ ಕೆಲವು ಸರಾಗವಾಗಿ ಜಾರುವುದಿಲ್ಲ. ಕಿಟ್‌ನೊಂದಿಗೆ ಬರುವ ತೂಕದ ದಂಡ ನಿಖರವಾಗಿದೆ, ಆದರೆ ನಿಲ್ಲಲು ಹೊತ್ತು ತೆಗೆದುಕೊಳ್ಳುತ್ತದೆ, ಗೀಟುಗಳು ಸಣ್ಣವು. ಒಂದು ಡಿಜಿಟಲ್ ತಕ್ಕಡಿ ಮತ್ತು ಅದನ್ನು ಪರೀಕ್ಷಿಸುವ ತೂಕದ ಬಟ್ಟುಗಳನ್ನು ಬೇರೆಯಾಗಿ ಕೊಳ್ಳುವುದು ಲೇಸು. ಎಲ್ಲವನ್ನೂ ನೋಡಿಕೊಂಡು ನಿಧಾನವಾಗಿ ಮಾಡಿದರೆ ಗಂಟೆಗೆ ನೂರೈವತ್ತರ ಆಸುಪಾಸು ತೋಟೆಗಳಾಗುತ್ತವೆ. ಕ್ಲಬ್ ಮಟ್ಟದ ಒಂದು ಸ್ಪರ್ಧೆಗೆ ಹೆಚ್ಚುಕಡಿಮೆ ಅಷ್ಟು ಸಾಕು.

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಕೊಡುವ ಕೇಸುಗಳನ್ನು ಬೇರ್ಪಡಿಸುವ ಕೆಲಸ ನಮ್ಮದೇ. ರೇಂಜಿನ ನೆಲದಿಂದ ಆರಿಸಿದ 9 ಎಂಎಂ ರಾಶಿಯಲ್ಲಿ .380 ಎಸಿಪಿ ಕೇಸುಗಳು ಸೇರಿರುತ್ತವೆ. ಅವು 19 ಮಿಲಿಮೀಟರಿನ ಬದಲು 17 ಮಿಲಿಮೀಟರ್ ಉದ್ದದವು, ಅವಸರದ ಕಣ್ಣಿಗೆ ಬೀಳುವುದಿಲ್ಲ. .45 ಕೇಸುಗಳಲ್ಲಿ ಕೆಲವು ಸಣ್ಣ ಪ್ರೈಮರ್‌ನವು, ಬಹುಪಾಲು ದೊಡ್ಡದರವು. ಸಣ್ಣ ಕುಳಿಯೊಳಕ್ಕೆ ದೊಡ್ಡ ಪ್ರೈಮರ್ ಒತ್ತಲು ಹೋಗುವುದು ಅಪಾಯ. ಸೈನ್ಯದ ತೋಟೆಗಳ ಕೇಸುಗಳಲ್ಲಿ ಪ್ರೈಮರ್‌ನ ಸುತ್ತ ಅಂಚನ್ನು ಒತ್ತಿ ಬಿಗಿದಿರುತ್ತಾರೆ. ಆ ಅಂಚನ್ನು ಸರಿಪಡಿಸದೆ ಹೊಸ ಪ್ರೈಮರ್ ಕೂರದು. ಹಿಡಿಕೆ ಎಂದಿಗಿಂತ ಬಿಗಿಯಾಯಿತು ಎನಿಸಿದ ಕೂಡಲೇ ಒತ್ತಡ ಹೆಚ್ಚಿಸದೆ ನಿಲ್ಲಿಸಿ ನೋಡಬೇಕು. ಕೇಸುಗಳನ್ನು ಒಣ ಟಂಬ್ಲರ್ ಎಂಬ ಶುಚಿಗೊಳಿಸುವ ಯಂತ್ರದಲ್ಲಿ ಉಜ್ಜುವವರು ಅದನ್ನು ಮನೆಯೊಳಗೆ, ಅದರಲ್ಲೂ ಮಕ್ಕಳು ಓಡಾಡುವ ಕಡೆ, ಇಡಬಾರದು. ಆ ಧೂಳಿನಲ್ಲಿ ಸೀಸವಿರುತ್ತದೆ. ಕೆಲಸದ ಮೇಜಿನ ಬಳಿ ಕಾಫಿ, ತಿಂಡಿ ಬೇಡ. ಎದ್ದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಪ್ರೈಮರ್ ಮುಟ್ಟುವಾಗ ಕಣ್ಣಿಗೆ ಕನ್ನಡಕವಿರಬೇಕು.

ಎಷ್ಟು ಮದ್ದು ಹಾಕಬೇಕೆಂಬ ಅಂಕಿಯನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಅದನ್ನು ಮದ್ದಿನ ಮತ್ತು ಗುಂಡಿನ ತಯಾರಕರು ಪ್ರಕಟಿಸುವ ಕೋಷ್ಟಕಗಳಿಂದ ಮಾತ್ರ ತೆಗೆದುಕೊಳ್ಳಬೇಕು, ಅಲ್ಲಿ ಕೊಟ್ಟ ಕನಿಷ್ಠ ಪ್ರಮಾಣದಿಂದಲೇ ಆರಂಭಿಸಬೇಕು, ಪರಿಚಿತರು ಪ್ರೀತಿಯಿಂದ ಹೇಳಿದ ಅಂಕಿಯನ್ನೂ ಕೋಷ್ಟಕದಲ್ಲಿ ಕಾಣದೆ ನಂಬಬಾರದು. ಒಂದೇ ಮದ್ದು, ಒಂದೇ ತೂಕವಾದರೂ ಗುಂಡನ್ನು ಹೆಚ್ಚು ಆಳಕ್ಕೆ ಒತ್ತಿದರೆ ಒತ್ತಡ ಏರುತ್ತದೆ, ಆದ್ದರಿಂದ ತೋಟೆಯ ಒಟ್ಟು ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯುವುದನ್ನು ಎಂದೂ ಬಿಡಬಾರದು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಲಿ. ಮದ್ದನ್ನೂ ಪ್ರೈಮರನ್ನೂ ಮೂಲ ಡಬ್ಬಿಗಳಲ್ಲೇ, ಬಿಸಿ ತಾಗದ ಒಣ ಜಾಗದಲ್ಲಿ, ಮಕ್ಕಳ ಕೈಗೆಟುಕದಂತೆ ಇಡಬೇಕು. ಮನೆಯಲ್ಲಿ ಎಷ್ಟು ಇಡಬಹುದೆಂಬ ಮಿತಿಯನ್ನು ಸ್ಥಳೀಯ ಅಗ್ನಿಶಾಮಕ ನಿಯಮಗಳಲ್ಲಿ ನೋಡಿಕೊಳ್ಳಬೇಕು.

ಕೊಳ್ಳುವವರಿಗೆ ಕೊನೆಯದಾಗಿ ಕೆಲವು ಮಾತು. ತಿಂಗಳಿಗೆ ಒಂದೆರಡು ಸ್ಪರ್ಧೆ, ನಡುವೆ ತುಸು ಅಭ್ಯಾಸ ಎನ್ನುವವರಿಗೆ ಈ ಯಂತ್ರ ವರ್ಷಗಟ್ಟಲೆ ಸಾಕಾಗುತ್ತದೆ. ಕಿಟ್‌ನಲ್ಲಿ ಡೈಗಳು ಬರುವುದಿಲ್ಲ. ನಿಮ್ಮ ಕ್ಯಾಲಿಬರಿನ ನಾಲ್ಕು ಡೈಗಳ ಕಾರ್ಬೈಡ್ ಸೆಟ್ ಅನ್ನೇ ಕೇಳಿ ಕೊಳ್ಳಿ, ಅದರೊಂದಿಗೆ ಕೇಸಿನ ಬುಡವನ್ನು ಹಿಡಿದಿಡುವ ಶೆಲ್ ಹೋಲ್ಡರ್ ಸಿಗುತ್ತದೆ. ಗುಂಡು ಕೀಳುವ ಸುತ್ತಿಗೆ, ಕ್ಯಾಲಿಪರ್ ಮತ್ತು ಸಿದ್ಧ ತೋಟೆಯ ಅಳತೆ ಸರಿಯಿದೆಯೇ ಎಂದು ನೋಡುವ ಕೇಸ್ ಗೇಜ್ ಮೊದಲ ದಿನದಿಂದಲೇ ಬೇಕು. ಎರಡನೆಯ ಕ್ಯಾಲಿಬರಿಗೆ ಹೋಗುವಾಗ ಡೈಗಳನ್ನು ಕಳಚಿ ಹೊಸದಾಗಿ ಹೊಂದಿಸುವ ಬದಲು ಇನ್ನೊಂದು ಟರೆಟ್ ತಟ್ಟೆಯನ್ನು ಕೊಂಡು ಡೈಗಳನ್ನು ಅದರಲ್ಲೇ ಶಾಶ್ವತವಾಗಿ ಬಿಡಿ. ತಟ್ಟೆ ಬದಲಿಸಲು ನಿಮಿಷವೂ ಹಿಡಿಯುವುದಿಲ್ಲ, ಕಷ್ಟಪಟ್ಟು ಕಂಡುಕೊಂಡ ಹೊಂದಾಣಿಕೆ ಕೆಡುವುದೂ ಇಲ್ಲ. ಆದರೆ ತಟ್ಟೆ ಬದಲಿಸಿದ ಪ್ರತಿ ಸಲವೂ ಮದ್ದಿನ ಅಳತೆಯನ್ನು ಹೊಸದಾಗಿ ತೂಗಿ ನೋಡಿದ ಮೇಲೆಯೇ ಮೊದಲ ಗುಂಡನ್ನು ಕೈಗೆತ್ತಿಕೊಳ್ಳಿ.