ಜೋಳಕ್ಕೆ ಅಜೋಸ್ಪಿರಿಲಮ್: ಪುಣೆಯಲ್ಲಿ ಕೊಂಡ ಒಂದು ಬಾಟಲಿಯ ವಿಮರ್ಶೆ

ಸಾಸವಡದ ಬಳಿ ನಮಗಿರುವ ಎರೆಹೊಲದಲ್ಲಿ ಹಿಂಗಾರಿಗೆ ಮಾಲದಂಡಿ ಜೋಳ ಬಿತ್ತುತ್ತೇವೆ. ಪುಣೆಗೆ ಬಂದು ಇಪ್ಪತ್ತು ವರ್ಷಗಳಾದರೂ ವಿಜಯಪುರದವರ ಮನೆಯಲ್ಲಿ ರೊಟ್ಟಿ ತಪ್ಪುವುದಿಲ್ಲ. ಕಳೆದ ಹಂಗಾಮಿನಲ್ಲಿ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಹತ್ತಿರದ ಕೃಷಿ ಸೇವಾ ಕೇಂದ್ರವೊಂದರಲ್ಲಿ ಅಜೋಸ್ಪಿರಿಲಮ್ ಎಂಬ ಬ್ಯಾಕ್ಟೀರಿಯಾ ಇರುವ ದ್ರವರೂಪದ ಜೈವಿಕ ಗೊಬ್ಬರದ ಕಾಲು ಲೀಟರ್ ಬಾಟಲಿಯನ್ನು ನೂರು ಚಿಲ್ಲರೆ ರೂಪಾಯಿಗೆ ಕೊಂಡೆ. ಅದು ಗಾಳಿಯ ಸಾರಜನಕವನ್ನು ಹಿಡಿದು ಬೆಳೆಗೆ ಕೊಡುತ್ತದೆ, ಯೂರಿಯಾವನ್ನು ಅರ್ಧಕ್ಕೆ ಇಳಿಸಬಹುದು ಎಂದು ಬಾಟಲಿಯ ಮೇಲೆ ಮರಾಠಿಯಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು.

ಮೊದಲನೆಯ ಮಾತು ಸುಳ್ಳಲ್ಲ. ಡಚ್ ಸೂಕ್ಷ್ಮಜೀವಿ ವಿಜ್ಞಾನಿ ಬೈಯರಿಂಕ್ 1925ರಲ್ಲಿ ವಿವರಿಸಿದ ಈ ಬ್ಯಾಕ್ಟೀರಿಯಾಕ್ಕೆ, ಬ್ರೆಜಿಲ್‌ನಲ್ಲಿ ವಿಜ್ಞಾನಿ ಯೋಹಾನ್ನಾ ಡೋಬರೈನರ್ ನಡೆಸಿದ ಕೆಲಸದಿಂದ ಮತ್ತೆ ಮಹತ್ವ ಬಂದು, 1978ರಲ್ಲಿ ಈಗಿನ ಹೆಸರು ದೊರೆಯಿತು. ಆದರೆ ತೊಗರಿ, ಕಡಲೆಗಳ ಬೇರಿನಲ್ಲಿ ಗಂಟು ಕಟ್ಟಿ, ಆಮ್ಲಜನಕ ಹೆಚ್ಚಾಗದಂತೆ ಕಾಪಾಡಿಕೊಂಡು ಕೆಲಸ ಮಾಡುವ ರೈಜೋಬಿಯಮ್ ಎಂಬ ಬ್ಯಾಕ್ಟೀರಿಯಾಕ್ಕೆ ಇರುವ ಅನುಕೂಲ ಇದಕ್ಕಿಲ್ಲ. ಇದು ಜೋಳದ ಬೇರಿನ ಮೇಲ್ಮೈಯಲ್ಲಿ ಮತ್ತು ಹೊರಪದರದ ಕೋಶಗಳ ಸಂದುಗಳಲ್ಲಿ, ಬೇರು ಒಸರುವ ರಸವನ್ನು ನಂಬಿ ಬದುಕುತ್ತದೆ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ಮಣ್ಣಿನಲ್ಲಿ ಅಮೋನಿಯಂ ಸಾಕಷ್ಟಿದ್ದರೆ ಅದರ ಕೆಲಸವೇ ನಿಲ್ಲುತ್ತದೆ. ಹಿಡಿದ ಸಾರಜನಕವನ್ನೂ ಅದು ಬಹುಪಾಲು ತನ್ನ ಮೈಗೇ ಬಳಸಿಕೊಳ್ಳುವುದರಿಂದ, ಅದು ಸತ್ತು ಕೊಳೆತ ಮೇಲಷ್ಟೇ ಗಿಡಕ್ಕೆ ಸಿಗುತ್ತದೆ. ಅರ್ಧ ಯೂರಿಯಾದ ಭರವಸೆಗೆ ಇಲ್ಲಿ ಆಧಾರ ಕಾಣುವುದಿಲ್ಲ.

ಹಾಗಾದರೆ ಲಾಭವೇನು? ಅದು ಇಂಡೋಲ್ ಅಸಿಟಿಕ್ ಆಮ್ಲವೆಂಬ ಬೆಳವಣಿಗೆಯ ಚೋದಕವನ್ನು ತಯಾರಿಸಿ ಕವಲು ಬೇರುಗಳನ್ನೂ ಬೇರುರೋಮಗಳನ್ನೂ ಹೆಚ್ಚಿಸುತ್ತದೆ; ಮಣ್ಣಿನಲ್ಲಿರುವ ನೀರು ಮತ್ತು ಸಾರಜನಕವನ್ನು ಬೆಳೆ ಚೆನ್ನಾಗಿ ಎಳೆದುಕೊಳ್ಳುತ್ತದೆ. ಬಿತ್ತಿದ ಇಪ್ಪತ್ತೈದನೆಯ ದಿನ, ಬೀಜಕ್ಕೆ ಇದನ್ನು ಹಚ್ಚಿ ಬಿತ್ತಿದ ಪಟ್ಟಿಯಿಂದಲೂ ಹಚ್ಚದ ಪಟ್ಟಿಯಿಂದಲೂ ಖುರ್ಪಿಯಲ್ಲಿ ಎರಡೆರಡು ಗಿಡ ಕಿತ್ತು ಬಕೆಟ್ಟಿನ ನೀರಿನಲ್ಲಿ ಅಲ್ಲಾಡಿಸಿದೆ. ಹಚ್ಚದ ಗಿಡದ ಬೇರು ಬೇಗನೆ ಬಿಳಿಯಾಯಿತು. ಹಚ್ಚಿದ್ದಕ್ಕೆ ಕಪ್ಪು ಮಣ್ಣು ಅಂಗಿಯ ತೋಳಿನಂತೆ ಸುತ್ತ ಅಂಟಿಕೊಂಡು ಮೂರು ಸಲ ಅದ್ದಿದರೂ ಪೂರ್ತಿ ಬಿಡಲಿಲ್ಲ. ತೇವ ಇಂಗುತ್ತ ಹೋಗುವ ಹಿಂಗಾರಿ ಹೊಲದಲ್ಲಿ ಇದು ಸಣ್ಣ ಮಾತಲ್ಲ.

ಹೊಲವನ್ನು ಐದೈದು ಗುಂಟೆಯ ಮೂರು ಪಟ್ಟಿಗಳಾಗಿ ಮಾಡಿದ್ದೆ. ಬ್ಯಾಕ್ಟೀರಿಯಾ ಹಚ್ಚಿ ಯೂರಿಯಾ ಅರ್ಧ ಹಾಕಿದಲ್ಲಿ ಹೊಡೆ ಬರುವ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಗಟ್ಟಿದವು. ಬ್ಯಾಕ್ಟೀರಿಯಾದ ಜೊತೆಗೆ ಎಂದಿನಷ್ಟೇ ಯೂರಿಯಾ ಕೊಟ್ಟಲ್ಲಿ, ಬರೀ ಯೂರಿಯಾ ಹಾಕಿದ್ದಕ್ಕಿಂತ ತೆನೆ ಸ್ವಲ್ಪ ತುಂಬಿತ್ತು, ಕಣಿಕೆಯೂ ಹೆಚ್ಚಿತ್ತು. ಒಂದೇ ವರ್ಷದ ಒಂದೇ ಹೊಲ, ಅದರಲ್ಲೂ ಬದುವಿನ ಕಡೆಯ ಮಣ್ಣು ಆಳ. ಆದ್ದರಿಂದ ಇದನ್ನು ಸಾಕ್ಷಿ ಎನ್ನಲಾರೆ.

ಅಂಗಡಿಯ ಬಗ್ಗೆ ನನ್ನ ಆಕ್ಷೇಪ ದೊಡ್ಡದು. ಮಧ್ಯಾಹ್ನದ ಬಿಸಿಲು ಬೀಳುವ ಗಾಜಿನ ಕಪಾಟಿನಿಂದ ಮೊದಲು ಒಂದು ಬಾಟಲಿ ತೆಗೆದುಕೊಟ್ಟರು. ಕಾನೂನಿನ ಪ್ರಕಾರ ದ್ರವರೂಪದ ಗೊಬ್ಬರದ ಒಂದು ಮಿಲಿಲೀಟರಿನಲ್ಲಿ ಕನಿಷ್ಠ ಹತ್ತು ಕೋಟಿ ಜೀವಕೋಶಗಳಿರಬೇಕು. ಬೆಂದು ಸತ್ತರೆ ಉಳಿಯುವುದು ಬರೀ ದ್ರವ. ಒಳಗಿನ ರಟ್ಟಿನ ಪೆಟ್ಟಿಗೆಯಿಂದ, ತಯಾರಿಕೆಯ ದಿನಾಂಕ ನೋಡಿ, ಬೇರೆ ಬಾಟಲಿ ಕೇಳಿ ಪಡೆದೆ. ಜೊತೆಗೆ ಶಿಲೀಂಧ್ರನಾಶಕದ ಪೊಟ್ಟಣ ಕೊಟ್ಟು "ಕಾಕಾ, ಎರಡನ್ನೂ ಒಟ್ಟಿಗೇ ಕಲಸಿ ಹಚ್ಚಿಬಿಡಿ" ಎಂದ ಹುಡುಗನ ಸಲಹೆ ತಪ್ಪು. ಶಿಲೀಂಧ್ರನಾಶಕ ಮೊದಲು ಹಚ್ಚಿ, ಬೀಜ ಒಣಗಿದ ಮೇಲೆ ಬೆಲ್ಲದ ನೀರಿನೊಂದಿಗೆ ಬ್ಯಾಕ್ಟೀರಿಯಾವನ್ನು ಕೊನೆಗೆ ಲೇಪಿಸಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಬೇಕು.

ಸಣ್ಣ ಹಿಡುವಳಿಗೆ ಕಾಲು ಲೀಟರ್ ಅತಿಯಾಯಿತು. ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಲಾಗದು. ಬರುವ ಹಿಂಗಾರಿಗೆ ಪಕ್ಕದ ಹೊಲದವರೊಡನೆ ಹಂಚಿಕೊಂಡು ಮತ್ತೊಂದು ಕೊಳ್ಳುತ್ತೇನೆ, ಯೂರಿಯಾದ ಅಳತೆಯನ್ನು ಮಾತ್ರ ಮುಟ್ಟುವುದಿಲ್ಲ.