ಮೌರ್ಯ ದೊರೆಯ ದಿನಚರಿ: ಕೌಟಿಲ್ಯನನ್ನು ಓದಬೇಕೋ, ಮೆಗಸ್ತನೀಸನನ್ನೋ?

ವೇಳಾಪಟ್ಟಿ ಬೇಕಿದ್ದರೆ, 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ರಾಜನೀತಿ ಗ್ರಂಥ 'ಅರ್ಥಶಾಸ್ತ್ರ' ಹಿಡಿಯಿರಿ. ಹಗಲಿಗೆ ಎಂಟು ಭಾಗ, ಇರುಳಿಗೆ ಎಂಟು. ಬೆಳಗಾಗುತ್ತಲೇ ರಕ್ಷಣೆ, ಆಯವ್ಯಯದ ವರದಿ. ಆಮೇಲೆ ಪ್ರಜೆಗಳ ಅಹವಾಲು. ಮಧ್ಯೆ ಸ್ನಾನ, ಊಟ, ಓದು. ಕತ್ತಲಾದ ಮೇಲೆ ಗೂಢಚಾರರು. ನಿದ್ದೆಗೆ ಎರಡೇ ಭಾಗ, ಅಂದರೆ ಸುಮಾರು ಮೂರು ಗಂಟೆ! ಆದರೆ ಇದು ರಾಜ ಹೇಗಿರಬೇಕೆಂಬ ವಿಧಿ, ಹೇಗಿದ್ದನೆಂಬ ವರದಿಯಲ್ಲ.

ಗ್ರೀಕ್ ರಾಯಭಾರಿ ಮೆಗಸ್ತನೀಸ್ ಮೌರ್ಯರ ರಾಜಧಾನಿ ಪಾಟಲಿಪುತ್ರವನ್ನು ಕಣ್ಣಾರೆ ಕಂಡವನು. ದೊರೆ ಮೈ ತಿಕ್ಕಿಸಿಕೊಳ್ಳುತ್ತಲೇ ನ್ಯಾಯ ಕೇಳುತ್ತಿದ್ದ, ಸಂಚಿಗೆ ಹೆದರಿ ರಾತ್ರಿ ಹಾಸಿಗೆ ಬದಲಿಸುತ್ತಿದ್ದ, ಬೇಟೆಗೆ ಹೊರಟರೆ ಸುತ್ತ ಹೆಂಗಸರ ಕಾವಲು. ಮೂಲಕೃತಿ ಉಳಿದಿಲ್ಲ; ಗ್ರೀಕ್ ಭೂಗೋಳಕಾರ ಸ್ಟ್ರಾಬೋನಂಥವರು ಉಳಿಸಿದ ತುಣುಕುಗಳೇ ಗತಿ. ಚಿನ್ನ ಅಗೆಯುವ ಇರುವೆಗಳೂ ಅವುಗಳಲ್ಲಿವೆ, ಹುಷಾರು. ನಾಟಕ ಬರೆಯುವವರು ಮಾತ್ರ ಮೊದಲು ಮೆಗಸ್ತನೀಸನನ್ನೇ ಓದಲಿ.